ಹದಿನಾರು ಟಿಬಿ ಹಾಕಿದರೆ ಹನ್ನೊಂದೂ ಯಾಕೆ ಕಾಣೋದಿಲ್ಲ? ರೇಯ್ಡ್ ಜೋಡಿಸುವಾಗ ಜಾಗದ ಲೆಕ್ಕ

ಆದೋನಿ, ಕೌತಾಳಂ, ಕೋಸಿಗಿ, ಹೊಳಗುಂದ, ಆಲೂರು ಕಡೆಯ ನಮ್ಮ ಕನ್ನಡ ಶಾಲೆಗಳ ಪಾಠಸಾಮಗ್ರಿ ಹೆಚ್ಚಾಗಿ ಪೆನ್‌ಡ್ರೈವ್‌ಗಳಲ್ಲೇ ಓಡಾಡುತ್ತದೆ. ಹಳೆ ಪಠ್ಯಪುಸ್ತಕಗಳ ಸ್ಕ್ಯಾನು, ಪ್ರಶ್ನೆಪತ್ರಿಕೆ, ಪ್ರಯೋಗದ ವಿಡಿಯೊ, ಎಲ್ಲ ಅದರಲ್ಲೇ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ ಮೇಲೆ ನಮ್ಮದು ಸಣ್ಣ ಮಾಧ್ಯಮ. ಇಂಗ್ಲಿಷಿನದೋ ತೆಲುಗಿನದೋ ಕಳೆದರೆ ಊರಲ್ಲೇ ಇನ್ನೊಂದು ಪ್ರತಿ ಸಿಗುತ್ತದೆ, ನಮ್ಮದು ಹಾಗಲ್ಲ. ಅದಕ್ಕೇ ನಾಲ್ಕಾರು ಶಾಲೆ ಸೇರಿ ಒಂದು ಹಳೆ ಡೆಸ್ಕ್‌ಟಾಪಿಗೆ ಡಿಸ್ಕ್ ಹಾಕಿ ರೇಯ್ಡ್ ಮಾಡೋಣ ಎನ್ನುವ ಮಾತು ಈಗ ಬರುತ್ತಿದೆ. ಒಳ್ಳೆಯದೇ. ಆದರೆ ಜೋಡಿಸಿದ ಮೊದಲ ದಿನವೇ ಒಂದು ಪ್ರಶ್ನೆ ಏಳುತ್ತದೆ: ‘ಕೊಂಡಿದ್ದು ಇಷ್ಟು, ಕಾಣೋದು ಇಷ್ಟೇ, ಅಂಗಡಿಯವನು ಮೋಸ ಮಾಡಿದನಾ?’ ಬಹಳ ಸಲ ಮೋಸ ಇರೋದಿಲ್ಲ, ಲೆಕ್ಕ ಇರುತ್ತದೆ.

ರೇಯ್ಡ್ ಅಂದರೆ ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಕಾಣಿಸುವ ಏರ್ಪಾಡು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ನಮಗೆ ಬೇಕಾದ್ದು ಹೆಚ್ಚಾಗಿ ರೇಯ್ಡ್ 5. ಇದರಲ್ಲಿ ಒಂದು ಡಿಸ್ಕಿನಷ್ಟು ಜಾಗ ಕಾವಲಿಗೆ ಹೋಗುತ್ತದೆ. ಕಾವಲಿನ ಗುಟ್ಟು ಸಮ-ಬೆಸ ಲೆಕ್ಕ, ಅಷ್ಟೇ. ಒಂದು ಡಿಸ್ಕಿನಲ್ಲಿ 1011, ಇನ್ನೊಂದರಲ್ಲಿ 0110 ಇದ್ದರೆ ಮೂರನೆಯದರಲ್ಲಿ 1101 ಬರೆಯುತ್ತದೆ. ಪ್ರತಿ ಕಂಬದಲ್ಲೂ ಒಂದರ ಎಣಿಕೆ ಸಮಸಂಖ್ಯೆ ಆಗಬೇಕು. ಮೂರರಲ್ಲಿ ಯಾವುದನ್ನಾದರೂ ಕೈಯಿಂದ ಮುಚ್ಚಿ, ಉಳಿದ ಎರಡರಿಂದ ಅದನ್ನು ಮತ್ತೆ ಬರೆಯಬಹುದು. ಎಂಟನೇ ತರಗತಿಯ ಮಕ್ಕಳಿಗೆ ಚೀಟಿ ಕೊಟ್ಟು ಆಡಿಸಿ ನೋಡ್ರಿ, ಐದು ನಿಮಿಷದಲ್ಲಿ ಹಿಡೀತಾರೆ.

ಈಗ ಲೆಕ್ಕಕ್ಕೆ 4 ಟಿಬಿಯ ನಾಲ್ಕು ಡಿಸ್ಕು ಇಟ್ಟುಕೊಳ್ಳೋಣ. ಒಟ್ಟು 16. ಕಾವಲಿಗೆ ಒಂದು ಹೋದರೆ 12. ಆದರೆ ಪರದೆಯ ಮೇಲೆ ಕಾಣೋದು 10.9. ಉಳಿದದ್ದು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಆದೋನಿಯ ಮಾರುಕಟ್ಟೆಯಲ್ಲಿ ಬಿಡಿ ಹತ್ತಿಗೆ ಕ್ವಿಂಟಲ್ ಲೆಕ್ಕ, ಜಿನ್ನಿಂಗ್ ಆದ ಅರಳೆಗೆ ಖಂಡಿ ಲೆಕ್ಕ. ಒಂದು ಖಂಡಿ ಸುಮಾರು 356 ಕಿಲೊ. ಸಾವಿರ ಕಿಲೊ ಅರಳೆಯನ್ನು ಹತ್ತು ಕ್ವಿಂಟಲ್ ಅನ್ನಿ, 2.8 ಖಂಡಿ ಅನ್ನಿ, ಅರಳೆ ಅಷ್ಟೇ. ಡಿಸ್ಕ್ ತಯಾರಿಸುವವರಿಗೆ ಒಂದು ಟಿಬಿ ಅಂದರೆ ಹತ್ತರ ಹನ್ನೆರಡನೇ ಘಾತ ಬೈಟ್. ವಿಂಡೋಸ್ ಭಾಗಿಸುವುದು ಎರಡರ ನಲವತ್ತನೇ ಘಾತದಿಂದ, ಹೆಸರು ಮಾತ್ರ ಅದೇ ಟಿಬಿ. ಹಾಗಾಗಿ 12 ಇದ್ದದ್ದು 10.9 ಆಗುತ್ತದೆ. ಘಾತಾಂಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

10.9 ಬಂದರೆ ಸರಿ. ಅದಕ್ಕಿಂತ ಬಹಳ ಕಡಿಮೆ ಬಂದರೆ ಹುಡುಕಬೇಕು. ಹುಡುಕುವುದಕ್ಕೂ ಒಂದು ಕ್ರಮ ಐತೆ: ಡಿಸ್ಕು, ಅದರ ಮೇಲೆ ರೇಯ್ಡ್, ಅದರ ಮೇಲೆ ಪಾರ್ಟಿಷನ್, ಅದರ ಮೇಲೆ ಫೈಲ್ ವ್ಯವಸ್ಥೆ. ಕೆಳಗಿನಿಂದ ಶುರುಮಾಡಿ ಪ್ರತಿ ಮೆಟ್ಟಿಲಿನ ಸಂಖ್ಯೆ ಬರೆದುಕೊಳ್ಳಿ. ಯಾವ ಮೆಟ್ಟಿಲಲ್ಲಿ ಸಂಖ್ಯೆ ಕುಸಿಯಿತೋ ರೋಗ ಅಲ್ಲೇ.

ಡಿಸ್ಕಿನ ಮೆಟ್ಟಿಲಲ್ಲೇ ಕುಸಿದಿದ್ದರೆ, ಅಂದರೆ 4 ಟಿಬಿ ಡಿಸ್ಕು 1.6 ಎಂದು ಕಂಡರೆ, ಅಪರಾಧಿ ಹಳೆ ಕಂಟ್ರೋಲರ್ ಕಾರ್ಡು ಅಥವಾ ಹಳೆ ಯುಎಸ್‌ಬಿ ಪೆಟ್ಟಿಗೆ. ಅದು ಸೆಕ್ಟರ್ ಎಣಿಸೋದು 32 ಬಿಟ್ಟಿನಲ್ಲಿ. ಸೆಕ್ಟರಿಗೆ 512 ಬೈಟ್. 32 ಬಿಟ್ಟಿಗೆ 4,29,49,67,296 ಸೆಕ್ಟರ್. ಗುಣಿಸಿದರೆ ಸುಮಾರು 2.2 ಲಕ್ಷ ಕೋಟಿ ಬೈಟ್, ಕಂಪ್ಯೂಟರಿನ ಲೆಕ್ಕದಲ್ಲಿ ಸರಿಯಾಗಿ 2 ಟಿಬಿ. ಅದರಾಚೆ ಸ್ಕೂಟರಿನ ಹಳೆ ಕಿಲೊಮೀಟರ್ ಮೀಟರಿನಂತೆ ಮತ್ತೆ ಸೊನ್ನೆಯಿಂದ ಶುರು. 3.6ರಲ್ಲಿ 2 ಕಳೆದರೆ ಉಳಿಯೋದು 1.6. ಫರ್ಮ್‌ವೇರ್ ಹೊಸದು ಸಿಕ್ಕರೆ ಹಾಕಿ, ಇಲ್ಲದಿದ್ದರೆ ಆ ಕಾರ್ಡು ಬಿಟ್ಟು ಮದರ್‌ಬೋರ್ಡಿನ ಸಾಟಾ ಕಿಂಡಿಗೇ ಜೋಡಿಸಿ ಲಿನಕ್ಸಿನಲ್ಲಿ ರೇಯ್ಡ್ ಮಾಡಿ. ಇಂಥ ಕಾರ್ಡಿನ ಮೇಲೆ ಮಾತ್ರ ಕಡತ ಬರೆಯಲೇಬೇಡಿ. ಎಣಿಕೆ ತಪ್ಪಿದ ಕಡೆ ಬರವಣಿಗೆ ಯಾವುದರ ಮೇಲೆ ಬೀಳುತ್ತದೋ ಹೇಳೋಕೆ ಆಗಲ್ಲ.

ಡಿಸ್ಕು ಸರಿ, ರೇಯ್ಡ್ ಮಾತ್ರ ಸಣ್ಣದು ಎಂದಾದರೆ ಡಿಸ್ಕುಗಳು ಒಂದೇ ಅಳತೆಯವೇ ನೋಡಿ. ನಮ್ಮ ಶಾಲೆಗಳಲ್ಲಿ ಇದೇ ಹೆಚ್ಚು, ಯಾಕಂದ್ರೆ ದಾನವಾಗಿ ಬಂದ ಡಿಸ್ಕನ್ನು ಬೇಡ ಅನ್ನೋಕೆ ಮನಸ್ಸು ಬರೋದಿಲ್ಲ. ರೇಯ್ಡ್ 5 ಎಲ್ಲ ಡಿಸ್ಕನ್ನೂ ಅತಿ ಸಣ್ಣದರ ಅಳತೆಗೆ ಇಳಿಸುತ್ತದೆ. 4 ಟಿಬಿಯ ಮೂರು ಡಿಸ್ಕಿದ್ದರೆ 8 ಟಿಬಿ ಸಿಗುತ್ತದೆ. ಅವುಗಳ ಜತೆಗೆ 1 ಟಿಬಿಯದೊಂದು ಸೇರಿಸಿ ನಾಲ್ಕು ಡಿಸ್ಕಿನ ರೇಯ್ಡ್ ಮಾಡಿದರೆ ಸಿಗೋದು 3. ಸೇರಿಸಿದ್ದಕ್ಕೆ ಐದು ಟಿಬಿ ಹೋಯಿತು! ಆಮೇಲೆ ಸಣ್ಣದನ್ನು ತೆಗೆದು ದೊಡ್ಡದು ಹಾಕಿದರೂ ಜಾಗ ತಾನಾಗಿ ಬೆಳೆಯೋದಿಲ್ಲ. ಹೊಸ ಡಿಸ್ಕು ಪೂರ್ತಿ ತುಂಬುವವರೆಗೆ ಕಾಯಬೇಕು. ಆಮೇಲೆ ಲಿನಕ್ಸಿನ ಎಂಡಿಎಡಿಎಂ ಉಪಕರಣದಲ್ಲಿ ‘ಗ್ರೋ’ ಆದೇಶಕ್ಕೆ ‘ಸೈಜ್ ಮ್ಯಾಕ್ಸ್’ ಕೊಟ್ಟು ರೇಯ್ಡನ್ನು ಹಿಗ್ಗಿಸಬೇಕು. ಕೊನೆಗೆ ಫೈಲ್ ವ್ಯವಸ್ಥೆಯನ್ನೂ ಬೇರೆಯಾಗಿ ಹಿಗ್ಗಿಸಬೇಕು. ಕೊನೆಯದನ್ನು ಮರೆತು ‘ಏನೂ ಆಗಲಿಲ್ಲ’ ಅನ್ನೋರೇ ಹೆಚ್ಚು.

ರೇಯ್ಡ್ ಕೂಡ 10.9 ತೋರಿಸಿ, ಬಳಸೋಕೆ 2 ಟಿಬಿ ಮಾತ್ರ ಸಿಕ್ಕು, ಉಳಿದ 9,100ಕ್ಕೂ ಹೆಚ್ಚು ಜಿಬಿ ಹಂಚದೆ ಬಿದ್ದಿದ್ದರೆ ಪಾರ್ಟಿಷನ್ ಪಟ್ಟಿ ಎಂಬಿಆರ್ ಎಂದು ತಿಳಿಯಿರಿ. ಇದು 1983ರಲ್ಲಿ ಹತ್ತು ಎಂಬಿ ಡಿಸ್ಕಿನ ಐಬಿಎಂ ಪಿಸಿ ಎಕ್ಸ್‌ಟಿ ಕಾಲದಲ್ಲಿ ಬಂದ ಪಟ್ಟಿ; ಅದರಲ್ಲೂ ಅದೇ 32 ಬಿಟ್. ಜಿಪಿಟಿಗೆ ಬದಲಿಸಿದರೆ 64 ಬಿಟ್, ಚಿಂತೆ ಇಲ್ಲ. ಆದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಬದಲಿಸಬೇಕಾದರೆ ಇರುವ ಪಾರ್ಟಿಷನ್‌ಗಳನ್ನೆಲ್ಲ ಅಳಿಸಲೇಬೇಕು. ಆದ್ದರಿಂದ ಪುಸ್ತಕ ತುಂಬುವ ಮೊದಲೇ ಇದನ್ನು ನೋಡಿ. ತುಂಬಿದ್ದರೆ ಬೇರೆ ಡಿಸ್ಕಿಗೆ ನಕಲು ಮಾಡಿ, ನಾಲ್ಕು ಕಡತ ತೆರೆದು ನೋಡಿ, ಆಮೇಲೆ ಕೈ ಹಾಕಿ.

ಎಲ್ಲ ಸರಿ ಇದ್ದೂ ಕೊನೆಗೆ ಅರ್ಧ ಟಿಬಿ ಕಡಿಮೆ ಬಿದ್ದರೆ ಹೆದರಬೇಡಿ. ಲಿನಕ್ಸಿನ ಎಕ್ಸ್ಟ್4 ಫೈಲ್ ವ್ಯವಸ್ಥೆ ನೂರಕ್ಕೆ ಐದು ಭಾಗ ರೂಟ್ ಬಳಕೆದಾರನಿಗೆ ಕಾದಿಡುತ್ತದೆ. ಬರೀ ಪುಸ್ತಕ, ವಿಡಿಯೊ ಇಡುವ ಡಿಸ್ಕಿಗೆ ಅಷ್ಟು ಬೇಡ, ಒಂದಕ್ಕೆ ಇಳಿಸಬಹುದು.

ಇನ್ನೊಂದು ಮಾತು. ರೇಯ್ಡ್ 5 ಒಂದು ಡಿಸ್ಕು ಕೆಟ್ಟರೆ ತಡೆಯುತ್ತದೆ, ಎರಡು ಕೆಟ್ಟರೆ ಇಲ್ಲ. ಯಾರೋ ಅಳಿಸಿದರೆ ನಾಲ್ಕೂ ಡಿಸ್ಕಿನಲ್ಲಿ ಒಟ್ಟಿಗೇ ಅಳಿಯುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕಗಳ ಒಂದು ನಕಲು ಬೇರೆ ಊರಿನ ಶಾಲೆಯ ಬೀರುವಿನಲ್ಲಿ ಇರಲಿ. ನಮ್ಮ ಕಡೆಯ ಕರೆಂಟಿಗೆ ಯುಪಿಎಸ್ ಅಂತೂ ಬೇಕೇ ಬೇಕು.

ಮಕ್ಕಳಿಗೆ ಒಂದು ಲೆಕ್ಕ: ರೇಯ್ಡ್ 6ರಲ್ಲಿ ಎರಡು ಡಿಸ್ಕಿನಷ್ಟು ಜಾಗ ಕಾವಲಿಗೆ ಹೋಗುತ್ತದೆ. 2 ಟಿಬಿಯ ನಾಲ್ಕು, 1 ಟಿಬಿಯದು ಒಂದು ಡಿಸ್ಕು ನಿಮ್ಮ ಹತ್ತಿರ ಇವೆ. ಐದನ್ನೂ ಹಾಕಬೇಕೋ, ನಾಲ್ಕೇ ಸಾಕೋ? (ಐದು ಹಾಕಿದರೆ 3 ಟಿಬಿ, ನಾಲ್ಕು ಹಾಕಿದರೆ 4.)