ಕೈತೊಳೆಯುವ ಪಾಠ, ಸಿಟ್ಟಿನ ಪಾಠ

ಗುಣಾಕಾರವನ್ನು ತಪ್ಪು ಮಾಡಿದ ಹುಡುಗನಿಗೆ ನಾವು ಮತ್ತೊಮ್ಮೆ ಗುಣಾಕಾರವನ್ನು ಹೇಳಿಕೊಡುತ್ತೇವೆ. ಮೂಗು ಸೋರಿಸಿಕೊಂಡು ಬಂದ ಹುಡುಗನನ್ನಾದರೋ ಬಯ್ಯುತ್ತೇವೆ. ಊಟಕ್ಕೆ ಮೊದಲು ಕೈತೊಳೆಯದವನನ್ನು, ಸಿಟ್ಟು ಬಂದಾಗ ಪಕ್ಕದವನನ್ನು ಹೊಡೆದವನನ್ನು, ಸರದಿ ಬರುವ ಮುನ್ನವೇ ನುಗ್ಗಿದವನನ್ನು ಬಯ್ಯುತ್ತೇವೆಯೇ ಹೊರತು, ಇವುಗಳಿಗೂ ಒಂದು ಪಾಠವುಂಟು, ಆ ಪಾಠವನ್ನು ಈ ಮಗುವಿಗೆ ಯಾರಾದರೂ ಹೇಳಿರುವರೇ ಎಂದು ವಿಚಾರಿಸುವುದಿಲ್ಲ. ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂಬುದು ನಮ್ಮ ಬಹುದಿನದ ಇಚ್ಛೆ. ಹಿರಿಯ ತರಗತಿಗಳಲ್ಲಿರುವ ನಿಮ್ಮಲ್ಲಿ ಅನೇಕರು ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು. ತಾಯಿತಂದೆಗಳು ಕೆಲಸಕ್ಕೆ ಹೋದ ಮೇಲೆ ಆ ಮನೆಯ ಶಿಕ್ಷಕರು ನೀವೇ.

ಇಟಲಿ ದೇಶದ ವೈದ್ಯೆ ಮರಿಯಾ ಮಾಂಟೆಸ್ಸೋರಿಯವರು 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯೊಂದನ್ನು ತೆರೆದರು. ಒಂದು ದಿನ ಅವರು ಅಲ್ಲಿಯ ಕೂಲಿಕಾರರ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದು ಹೇಗೆಂಬುದನ್ನು ಪಾಠವಾಗಿ ಹೇಳಿಕೊಟ್ಟರು. ಕರವಸ್ತ್ರವನ್ನು ಹೇಗೆ ಹಿಡಿಯಬೇಕು, ಸದ್ದಾಗದಂತೆ ಹೇಗೆ ಸೀನಿಕೊಳ್ಳಬೇಕು, ಪರರ ಕಣ್ಣಿಗೆ ಬೀಳದಂತೆ ಹೇಗೆ ಮುಗಿಸಬೇಕು ಎಂಬುದನ್ನು ನಿಧಾನವಾಗಿ ಮಾಡಿ ತೋರಿಸಿದರು. ಪಾಠ ಮುಗಿದೊಡನೆ ಮಕ್ಕಳು ಚಪ್ಪಾಳೆ ತಟ್ಟಿಬಿಟ್ಟರು! ಮೂಗಿನ ವಿಷಯದಲ್ಲಿ ಆ ಮಕ್ಕಳನ್ನು ಎಲ್ಲರೂ ಹೀಯಾಳಿಸಿದ್ದರು. ಅವಮಾನ ಮಾಡದೆ ಕಲಿಸಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ಚಪ್ಪಾಳೆಯ ಅರ್ಥ ಇದೆಂದು ಆ ತಾಯಿ ತಿಳಿದುಕೊಂಡರು.

ಅವರಿಗೆ ಈ ತಾಳ್ಮೆ ಬಂದುದಾದರೂ ಎಲ್ಲಿಂದ? 1800ರಲ್ಲಿ ಫ್ರಾನ್ಸಿನ ಅವೆರಾನ್ ಸೀಮೆಯ ಕಾಡಿನಿಂದ ಬಂದ, ಮಾತು ಬಾರದ ಒಬ್ಬ ಹುಡುಗನಿಗೆ ಇಟಾರ್ಡ್ ಎಂಬ ತರುಣ ವೈದ್ಯನು ಪ್ಯಾರಿಸಿನಲ್ಲಿ ಐದಾರು ವರುಷ ಪಾಠ ಹೇಳಿದನು. ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂಬುದರಿಂದಲೇ ಆ ಪಾಠಗಳು ಆರಂಭವಾಗಬೇಕಾಯಿತು. ಹುಡುಗನಿಗೆ ಮಾತು ಬಂದಿತೆನ್ನುವಂತಿಲ್ಲ. ಆದರೆ ಬಟ್ಟೆ ತೊಡುವುದು, ತನಗೆ ಬೇಕಾದುದನ್ನು ತಿಳಿಸುವುದು, ತನ್ನನ್ನು ಸಲಹಿದವಳ ದುಃಖವನ್ನು ಕಂಡು ತಾನೂ ಮರುಗುವುದು ಬಂದಿತು. ಇಟಾರ್ಡನ ಶಿಷ್ಯ ಸೆಗ್ವಿನ್ ಆ ದಾರಿಯನ್ನೇ ಮುಂದುವರಿಸಿದನು. ಮಾಂಟೆಸ್ಸೋರಿಯವರು ಇವರಿಬ್ಬರ ಗ್ರಂಥಗಳನ್ನು ಓದಿ, ಕಲಿಯಲಾರರೆಂದು ಲೋಕವು ಕೈಬಿಟ್ಟಿದ್ದ ಮಕ್ಕಳಿಗೆ ಮೊದಲು ಪಾಠ ಹೇಳಿದರು. ಅವರಲ್ಲಿ ಕೆಲವರು ಸಾಮಾನ್ಯ ಮಕ್ಕಳ ಜೊತೆಯಲ್ಲಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದಾಗ ಊರೆಲ್ಲ ಬೆರಗಾಯಿತು. ಮಾಂಟೆಸ್ಸೋರಿಯವರಿಗಾದ ಬೆರಗು ಬೇರೆಯದು: ಆರೋಗ್ಯವಂತರಾದ ಮಕ್ಕಳು ಇಷ್ಟರಲ್ಲಿಯೇ ಏಕೆ ನಿಂತುಬಿಟ್ಟಿರುವರು? ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಕಂಡುಕೊಂಡ ಕ್ರಮವು ಹೀಗೆ ಎಲ್ಲ ಮಕ್ಕಳ ಪಾಲಿಗೂ ಬಂದಿತು. ಅವರು 1939ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ನಮ್ಮ ಶಿಕ್ಷಕರಿಗೂ ತರಬೇತಿ ಕೊಟ್ಟರು.

ಆ ಕ್ರಮದ ಗುಟ್ಟನ್ನು ನಮ್ಮ ಶಾಲೆಯ ನಳದ ಬಳಿಯಲ್ಲಿಯೇ ನೋಡಬಹುದು. ‘ಕೈ ತೊಳೆದುಕೊಂಡು ಬಾ’ ಎಂದು ನಾವು ಹೇಳುವುದು ಒಂದೇ ಮಾತು. ಮಾಡಬೇಕಾದ ಕೆಲಸಗಳೋ ಹಲವು. ತೋಳು ಮೇಲೇರಿಸಬೇಕು, ನಳ ತಿರುಗಿಸಬೇಕು, ಕೈ ನೆನೆಸಿ ನಳ ನಿಲ್ಲಿಸಬೇಕು, ಸಾಬೂನು ಹಚ್ಚಬೇಕು, ಅಂಗೈ ಅಂಗೈಯನ್ನು, ಮುಂಗೈ ಹಿಂಬದಿಯನ್ನು, ಬೆರಳ ಸಂದುಗಳನ್ನು, ಹೆಬ್ಬೆರಳನ್ನು, ಉಗುರಿನ ತುದಿಗಳನ್ನು ಉಜ್ಜಬೇಕು, ತೊಳೆಯಬೇಕು, ಒರೆಸಬೇಕು. ಉಜ್ಜುವ ಕೆಲಸಕ್ಕೇ 20 ಸೆಕೆಂಡು ಬೇಕೆಂದು ವೈದ್ಯರು ಹೇಳುವರು. ಒಂದರಿಂದ ಇಪ್ಪತ್ತರವರೆಗೆ ಅವಸರವಿಲ್ಲದೆ ಎಣಿಸಿದರೆ ಅಷ್ಟಾಗುತ್ತದೆ. ನಮಗೆ ಇವೆಲ್ಲವೂ ಒಂದರೊಳಗೊಂದು ಸೇರಿಹೋಗಿರುವುದರಿಂದ ಕಾಣುವುದಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗು ಮೂರನೆಯದರಲ್ಲಿ ನಿಂತುಬಿಟ್ಟಾಗ ಮಾತ್ರ ಅಲ್ಲೊಂದು ಮೆಟ್ಟಿಲಿತ್ತೆಂದು ನಮಗೆ ಹೊಳೆಯುವುದು.

ಇನ್ನೊಂದು ಉಪಾಯವನ್ನು ಹೇಳಿಬಿಡುತ್ತೇವೆ, ತಮ್ಮ ತಂಗಿಯರ ಮೇಲೆ ಪ್ರಯೋಗಿಸಿ ನೋಡಿರಿ. ಅಂಗಿಯ ಗುಂಡಿ ಹಾಕುವುದನ್ನು ಕಲಿಸುವಾಗ ಮೊದಲ ಮೆಟ್ಟಿಲಿನಿಂದಲ್ಲ, ಕೊನೆಯ ಮೆಟ್ಟಿಲಿನಿಂದ ಆರಂಭಿಸಬೇಕು. ಗುಂಡಿಯನ್ನು ತೂತಿನೊಳಗೆ ಅರ್ಧ ತೂರಿಸಿಕೊಟ್ಟು, ಎಳೆಯುವುದನ್ನು ಮಾತ್ರ ಮಗುವಿಗೆ ಬಿಡಬೇಕು. ಅದು ಬಂದ ಮೇಲೆ ತೂರಿಸುವುದನ್ನು ಬಿಡಬೇಕು. ಹೀಗೆ ಹಿಂದೆ ಹಿಂದೆ ಹೋಗಬೇಕು. ಪ್ರತಿ ಸಲವೂ ಕೆಲಸವನ್ನು ಮುಗಿಸಿದ ಸಂತೋಷ ಮಗುವಿನದಾಗುತ್ತದೆ. ಇದರಲ್ಲಿ ನಾಚಿಕೆ ಪಡಬೇಕಾದುದೇನೂ ಇಲ್ಲ. ನಮ್ಮ ಖಡಕಿಯಲ್ಲಿಯೇ 1974ರಲ್ಲಿ ಸ್ಥಾಪಿತವಾದ ಪುನರ್ವಸತಿ ಕೇಂದ್ರವೊಂದುಂಟು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದ ಯೋಧರಿಗಾಗಿ ಇರುವ ಸಂಸ್ಥೆಯದು. ರಣರಂಗವನ್ನು ಕಂಡ ಗಂಡಸರೂ ಅಂಥ ಪೆಟ್ಟಿನ ಅನಂತರ ಮಂಚದಿಂದ ಗಾಲಿಕುರ್ಚಿಗೆ ಸರಿಯುವುದನ್ನು ಮೆಟ್ಟಿಲು ಮೆಟ್ಟಿಲಾಗಿಯೇ ಕಲಿಯಬೇಕಾಗುವುದು.

ಕೈಯ ಶುಚಿತ್ವವು ಪುಣೆಯವರಿಗೆ ಕೇವಲ ಪುಸ್ತಕದ ಮಾತಲ್ಲ. 2009ರ ಆಗಸ್ಟ್ ತಿಂಗಳಲ್ಲಿ ಭಾರತದಲ್ಲಿ ಹಂದಿಜ್ವರದಿಂದ ಮೊದಲ ಸಾವು ಸಂಭವಿಸಿದುದು ಈ ನಗರದಲ್ಲಿಯೇ. ತೀರಿಕೊಂಡವಳು 14 ವರುಷದ ಶಾಲಾಬಾಲಕಿ. 2020ರ ಕೊರೋನಾ ಕಾಲವನ್ನು ನಿಮಗೆ ನೆನಪಿಸಬೇಕಾಗಿಲ್ಲ.

ದೇಹದ ಪಾಠ ಇಷ್ಟಾಯಿತು. ಮನಸ್ಸಿನ ಪಾಠವು ಇದಕ್ಕಿಂತ ಕಠಿಣ. ನಾವು ಅದರಲ್ಲಿ ಎಡವಿದ್ದನ್ನೇ ಹೇಳುವುದು ಮೇಲು.

ನಾವು ಕರ್ನಾಟಕದಿಂದ ಈ ಊರಿಗೆ ಬಂದ ಹೊಸತು. ಮರಾಠಿ ಬಾರದು. ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದರು. ದೊಡ್ಡ ಸದ್ದನ್ನು ಅವನು ತಾಳಲಾರ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುವನು. ಒಂದು ದಿನ ಮಕ್ಕಳ ಗದ್ದಲದ ನಡುವೆ ಅವನು ಎದ್ದು ನಿಂತು, “ಸರ, ನನಗ ರಾಗ ಬಂದೈತಿ” ಎಂದನು. “ಬಂದಿದ್ದರೆ ಹಾಡು, ಕೇಳೋಣ” ಎಂದೆವು ನಾವು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಅವನು ಕೈಯಲ್ಲಿದ್ದ ಊಟದ ಡಬ್ಬಿಯನ್ನು ಎಸೆದನು; ಮುಂದಿನ ಸಾಲಿನ ಹುಡುಗಿಯ ಹಣೆಗೆ ಪೆಟ್ಟಾಯಿತು. ನಾವು ಅವನನ್ನು ಹೊರಗೆ ನಿಲ್ಲಿಸಿದೆವು. ಸಂಜೆ ಆ ಹಣೆಗೆ ಪೆಟ್ಟಾದ ಹುಡುಗಿಯೇ ಬಂದು, “ಸರ, ರಾಗ ಅಂದ್ರ ಸಿಟ್ಟು” ಎಂದು ತಿಳಿಸಿದಳು. ಮರಾಠಿಯಲ್ಲಿ ರಾಗವೆಂದರೆ ಕೋಪವೆಂಬುದು ಖಡಕಿಯ ಕನ್ನಡ ಮಕ್ಕಳಿಗೆಲ್ಲ ತಿಳಿದಿತ್ತು, ಅವರ ಶಿಕ್ಷಕರಿಗೆ ತಿಳಿದಿರಲಿಲ್ಲ! ಹೊಡೆಯುವ ಮೊದಲು ಮಾತಿನಲ್ಲಿ ಹೇಳಬೇಕೆಂದು ನಾವು ಯಾವ ಮಗುವಿಗೂ ಕಲಿಸಿರಲಿಲ್ಲ. ಆ ಮಗು ತಾನಾಗಿಯೇ ಹೇಳಿತ್ತು, ನಾವು ನಗಿಸಿದೆವು.

ಅಂದಿನಿಂದ ವಾರಕ್ಕೊಂದು ತಾಸನ್ನು ಈ ಪಾಠಕ್ಕೆ ಮೀಸಲಿಟ್ಟಿದ್ದೇವೆ. ಬೇಸರ, ಮುನಿಸು, ಅಳುಕು, ಕಸಿವಿಸಿ, ಹೊಟ್ಟೆಕಿಚ್ಚು, ನಾಚಿಕೆ, ಹಿಗ್ಗು: ನಮ್ಮ ಭಾಷೆಯಲ್ಲಿ ಇವಕ್ಕೆ ಎಷ್ಟು ಹೆಸರುಗಳಿವೆ! ಆದರೂ ಸಣ್ಣ ಮಕ್ಕಳು ಎಲ್ಲವನ್ನೂ ‘ಸಿಟ್ಟು’ ಎಂಬ ಒಂದೇ ಹೆಸರಿನಿಂದ ಕರೆದುಬಿಡುತ್ತಾರೆ. ಮುಖದ ಚಿತ್ರಗಳನ್ನು ಬರೆದು ಅವುಗಳ ಕೆಳಗೆ ಹೆಸರನ್ನು ಬರೆಯುತ್ತೇವೆ. ಮನೆಯಲ್ಲಿ ಯಾವ ಭಾಷೆಯ ಮಾತು ನಾಲಗೆಗೆ ಬರುವುದೋ ಅದನ್ನೂ ಪಕ್ಕದಲ್ಲಿ ಸೇರಿಸುತ್ತೇವೆ. ಸಿಟ್ಟು ಮೊದಲು ದೇಹದಲ್ಲಿ ಎಲ್ಲಿ ಬರುವುದೆಂದು ಕೇಳಿದಾಗ ಒಬ್ಬಳು ಕಿವಿ ಬಿಸಿಯಾಗುವುದೆಂದಳು, ಮತ್ತೊಬ್ಬನು ಹೊಟ್ಟೆಯೆಂದನು. ಆ ಗುರುತು ಸಿಕ್ಕಿದರೆ ಅರ್ಧ ಪಾಠ ಮುಗಿದಂತೆ. ಸಿಟ್ಟು ಬರಬಾರದೆಂದು ನಾವು ಹೇಳುವುದಿಲ್ಲ; ಅದು ನಮಗೂ ಸಾಧ್ಯವಿಲ್ಲದ ಮಾತು. ಸಿಟ್ಟು ಬರಬಹುದು, ಹೊಡೆಯಬಾರದು. ಬಂದುದನ್ನು ಹೆಸರಿಟ್ಟು ಹೇಳಬೇಕು, ಪಡಸಾಲೆಯ ತುದಿಗೆ ಹೋಗಿ ನಿಲ್ಲಬೇಕು, ನೀರು ಕುಡಿಯಬೇಕು, ಸಾಕೆನಿಸಿದಾಗ ಒಳಗೆ ಬರಬೇಕು.

ಜೊತೆಗಾರರೊಡನೆ ಬಾಳುವುದಕ್ಕೂ ಮಾತು ಬೇಕು. ‘ಎಲ್ಲರೊಡನೆ ಚೆನ್ನಾಗಿರು’ ಎಂದರೆ ಮಗುವಿಗೆ ಏನೂ ತಿಳಿಯದು, ಚೆಂಡು ಬೇಕಾದಾಗ “ನನಗೂ ಕೊಡತೀಯೇನು?” ಎಂದು ಕೇಳಬೇಕೆಂದರೆ ತಿಳಿಯುವುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು: “ಬ್ಯಾಡ.” ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಹಿರಿಯರು ಹೇಳಿದಂತೆ ಕೇಳುವುದೊಂದನ್ನೇ ಕಲಿಸುತ್ತೇವೆ. ಸ್ನಾನ ಮಾಡಿಸುವವರು, ಬಟ್ಟೆ ತೊಡಿಸುವವರು ಯಾರೇ ಆಗಲಿ ಸುಮ್ಮನಿರುವುದು ಅವರಿಗೆ ಅಭ್ಯಾಸವಾಗಿಬಿಡುತ್ತದೆ. ಕೆಟ್ಟ ಮನುಷ್ಯನಿಗೆ ಇದೇ ಅನುಕೂಲ. ಒಳ ಉಡುಪಿನಿಂದ ಮುಚ್ಚುವ ಅಂಗಗಳನ್ನು, ಶುಚಿ ಮಾಡಲೆಂದೋ ತಾಯಿಯ ಎದುರಿನಲ್ಲಿ ವೈದ್ಯರು ನೋಡಲೆಂದೋ ಹೊರತು, ಯಾರೂ ಮುಟ್ಟಕೂಡದು. ಮುಟ್ಟಿದರೆ ‘ಬ್ಯಾಡ’ ಎಂದು ಕೂಗಿ, ಅಲ್ಲಿಂದ ಹೊರಟು, ನಂಬಿಕೆಯವರಿಗೆ ಹೇಳಬೇಕು. ಹೇಳಿದರೂ ನಂಬದಿದ್ದರೆ ಇನ್ನೊಬ್ಬರಿಗೆ ಹೇಳಬೇಕು. ಮಕ್ಕಳ ನೆರವಿಗೆಂದೇ 1098 ಎಂಬ ದೂರವಾಣಿ ಸಂಖ್ಯೆಯಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ನೀವೂ ಬರೆದಿಟ್ಟುಕೊಳ್ಳಿರಿ.

ಆ ಘಟನೆಯ ಅನಂತರ ಕೆಲವರು, ಅವನನ್ನು ಬೇರೆ ಶಾಲೆಗೆ ಕಳುಹಿಸಬಾರದೇಕೆಂದು ನಮ್ಮನ್ನು ಕೇಳಿದರು. ಪುಣೆಯಲ್ಲಿ ಅಂಥ ಮಕ್ಕಳಿಗಾಗಿ ಒಳ್ಳೆಯ ಶಾಲೆಗಳಿವೆ. ಕಾಮಾಯನಿ ಸಂಸ್ಥೆಯು 1964ರಿಂದಲೂ ಈ ಕೆಲಸವನ್ನು ಮಾಡುತ್ತ ಬಂದಿದೆ. ಯಾವ ಮಗುವಿಗೆ ಎಲ್ಲಿ ಹಿತವೆಂಬುದನ್ನು ಮನೆಯವರೂ ವೈದ್ಯರೂ ಕೂಡಿ ನೋಡಬೇಕು. ಆದರೆ 2016ರ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಅಂಥ ತೊಂದರೆ ಹೆಚ್ಚಾಗಿರುವ 6ರಿಂದ 18 ವರುಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿಯಾಗಲಿ ವಿಶೇಷ ಶಾಲೆಯಲ್ಲಿಯಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು ಕೊಟ್ಟಿದೆ. ಅವನ ಮನೆಯವರು ನಮ್ಮ ಶಾಲೆಯನ್ನು ಆರಿಸಿಕೊಂಡರು. ಮನೆಯ ಮಾತು ಇಲ್ಲಿ ದೊರೆಯುವುದೆಂಬುದೇ ಕಾರಣ.

ಈಗ ಗಂಟೆಗೆ ಐದು ನಿಮಿಷ ಮುಂಚೆ ಗಂಟೆಯ ಚಿತ್ರವಿರುವ ರಟ್ಟನ್ನು ಅವನ ಮೇಜಿನ ಮೇಲಿಡುತ್ತೇವೆ. ಅವನು ಕಿವಿ ಮುಚ್ಚಿಕೊಂಡು ಕಾಯುವನು. ಎಲ್ಲ ದಿನಗಳೂ ಸಮನಾಗಿರುವುದಿಲ್ಲ. ದಸರೆಯ ಮುಂಚೆ ಒಮ್ಮೆ ಪಾಟಿಚೀಲ ಹಾರಿತು. ಕಳೆದ ತಿಂಗಳು ಪದ್ಯಪಾಠದ ನಡುವೆ ಎದ್ದು ನಿಂತು, “ಸರ, ರಾಗ ಬರಾಕತ್ತೈತಿ” ಎಂದನು. ಹೋಗೆಂದು ತಲೆಯಾಡಿಸಿದೆವು. ಯಾರೂ ನಗಲಿಲ್ಲ. ಪದ್ಯದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವನು ಬಾಯಿ ಒರೆಸಿಕೊಳ್ಳುತ್ತ ಬಂದು ತನ್ನ ಜಾಗದಲ್ಲಿ ಕುಳಿತನು. ಪಕ್ಕದವನು ಪುಟವನ್ನು ತೆಗೆದು ತೋರಿಸಿದನು.