ಪಂದ್ಯದ ಕಾರು ಮತ್ತು ಬೆಂಕಿ

ನಡುಹಗಲಿನಲ್ಲಿ ಹಲಸೂರು ಕೆರೆಯ ದಂಡೆಯ ಮೇಲೆ ನಿಂತರೆ ನಮ್ಮ ಮೇಲೆ ಬೀಳುವ ಬಿಸಿಲಿನ ಶಕ್ತಿಯು ಚದರ ಮೀಟರಿಗೆ ಸುಮಾರು ೧ ಕಿಲೋವಾಟ್. ಪಂದ್ಯದ ಕಾರು ನಡೆಸುವವನ ಉಡುಪನ್ನು ಪರೀಕ್ಷಿಸುವ ಜ್ವಾಲೆಯ ಶಕ್ತಿಯಾದರೋ ಅದರ ೮೦ ಮಡಿ! ಬರಿಯ ಚರ್ಮವು ಅದರ ಮುಂದೆ ಒಂದೆರಡು ಸೆಕೆಂಡುಗಳಲ್ಲಿಯೇ ಬೊಬ್ಬೆಯೇಳುವುದು. ಹೀಗಿರುವಾಗ ಉರಿಯುವ ಕಾರಿನಿಂದ ಮನುಷ್ಯನು ಬದುಕಿ ಬರುವುದು ಹೇಗೆ?

ಬೆಂಕಿಗೆ ಇಂಧನ, ಆಮ್ಲಜನಕ, ಉಷ್ಣ ಈ ಮೂರೂ ಬೇಕೆಂಬುದನ್ನು ನಾವು ಬಲ್ಲೆವು. ಆದುದರಿಂದ ಮೊದಲ ಎಚ್ಚರಿಕೆ ಇಂಧನದ ವಿಷಯದಲ್ಲಿ. ಪೆಟ್ರೋಲನ್ನು ಬಲವಾದ ನಾರು ಸೇರಿಸಿದ ರಬ್ಬರಿನ ಚೀಲದಲ್ಲಿ ತುಂಬುವರು. ಪೆಟ್ಟು ಬಿದ್ದರೆ ಅದು ಬಾಗುವುದಲ್ಲದೆ ಸುಲಭವಾಗಿ ಒಡೆಯದು.

ಎರಡನೆಯದು ಬೆಂಕಿಯನ್ನು ಆರಿಸುವ ಸಾಧನ. ಪೆಟ್ರೋಲು ನೀರಿಗಿಂತ ಹಗುರವಾದುದರಿಂದ, ನೀರು ಸುರಿದರೆ ಅದು ತೇಲಿ ಉರಿಯುತ್ತಲೇ ಹರಡುವುದು. ನೊರೆಯಾದರೆ ಅದರ ಮೇಲೆ ಹೊದಿಕೆಯಂತೆ ಹರಡಿ ಗಾಳಿಯನ್ನು ತಡೆಯುವುದು. ಕಾರಿನೊಳಗಿನ ಸಿಲಿಂಡರಿನಿಂದ ಕೊಳವೆಗಳು ಎಂಜಿನ್ನಿನತ್ತಲೂ ಚಾಲಕನತ್ತಲೂ ಹೋಗುವುವು. ಚಾಲಕನು ಎಚ್ಚರ ತಪ್ಪಿದರೂ ಹೊರಗಿನವರು ಅದನ್ನು ನಡೆಸಬಹುದು. ಆ ಸ್ಥಳಕ್ಕೆ ಗುರುತು, ಕೆಂಪು ಅಂಚಿನ ಬಿಳಿಯ ವೃತ್ತದಲ್ಲಿ ಕೆಂಪು ಬಣ್ಣದ ಇಂಗ್ಲಿಷ್ ‘ಇ’ ಅಕ್ಷರ. ನಮ್ಮ ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-೧೦೦೦ ರ್‍ಯಾಲಿಯಂಥ ಸ್ಪರ್ಧೆಗಳಲ್ಲಿ, ಮಣ್ಣುಹಾದಿಯ ನಡುವೆ ನೆರವು ದೂರವಿರುವಾಗ, ಕಾರಿನಲ್ಲಿರುವ ಇಬ್ಬರಿಗೂ ಈ ಸಾಧನವೇ ಮೊದಲ ಬಂಧು.

ಮೂರನೆಯದು ಉಡುಪು. ನೈಲಾನ್ ಕರಗಿ ಮೈಗೆ ಅಂಟಿಕೊಳ್ಳುವುದು; ಅರಾಮಿಡ್ ನಾರು ಕರಗದೆ ಇದ್ದಿಲಾಗುವುದು. ಪದರಗಳ ನಡುವೆ ಸಿಕ್ಕಿದ ಗಾಳಿಯು ಉಷ್ಣವನ್ನು ನಿಧಾನವಾಗಿ ಒಳಕ್ಕೆ ಬಿಡುವುದು. ೨೦೧೮ರ ಅಂತರರಾಷ್ಟ್ರೀಯ ನಿಯಮದಂತೆ, ಆ ಜ್ವಾಲೆಯೆದುರು ಉಡುಪಿನ ಒಳಬದಿಯ ಉಷ್ಣತೆ ೨೪ ಡಿಗ್ರಿ ಏರಲು ಕನಿಷ್ಠ ೧೨ ಸೆಕೆಂಡು ಹಿಡಿಯಬೇಕು.

೨೦೨೦ರ ನವೆಂಬರ್ ೨೯ರಂದು ಬಹರೇನಿನಲ್ಲಿ ಇದಕ್ಕೆ ಕಠಿಣ ಪರೀಕ್ಷೆ ಒದಗಿತು. ರೊಮೇನ್ ಗ್ರೋಜಾನರ ಕಾರು ಗಂಟೆಗೆ ೧೯೨ ಕಿಲೋಮೀಟರ್ ವೇಗದಲ್ಲಿ ತಡೆಬೇಲಿಗೆ ಬಡಿದು ಎರಡು ತುಂಡಾಯಿತು. ಇಂಧನದ ಕೊಂಡಿ ಕಿತ್ತುಬಂದು ಬೆಂಕಿ ಹೊತ್ತಿತು. ವೈದ್ಯರ ಕಾರು ೧೧ ಸೆಕೆಂಡುಗಳಲ್ಲಿ ಬಂದಿತು; ಗ್ರೋಜಾನರು ೨೭ ಸೆಕೆಂಡುಗಳ ಬಳಿಕ ತಾವೇ ಹೊರಬಂದರು. ಮೈ ಉಳಿಯಿತು, ಕೈಗಳು ಸುಟ್ಟವು. ಚಕ್ರದ ಹಿಡಿತವು ಬೆರಳಿಗೆ ತಿಳಿಯಬೇಕಾದುದರಿಂದ ಕೈಚೀಲವನ್ನು ಉಡುಪಿನಷ್ಟು ದಪ್ಪವಾಗಿ ಹೊಲಿಯುವಂತಿಲ್ಲ.

ಇಲ್ಲಿ ಯಾವ ಸಾಧನವೂ ಒಂಟಿಯಾಗಿ ಬೆಂಕಿಯನ್ನು ಗೆಲ್ಲದು. ಒಂದೊಂದೂ ಕೆಲವು ಸೆಕೆಂಡುಗಳನ್ನು ಗಳಿಸಿಕೊಡುವುದು. ಆ ಸೆಕೆಂಡುಗಳೇ ಪ್ರಾಣ. ಪರೀಕ್ಷೆಯ ಜ್ವಾಲೆಯು ೧೨ ಸೆಕೆಂಡುಗಳಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ ಸುರಿಯುವ ಶಕ್ತಿ ಎಷ್ಟೆಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಲಿ: ೯೬ ಜೌಲ್ ಬಂದರೆ ಲೆಕ್ಕ ಸರಿ.