ಹವ್ಯಾಸದ ಆಟಕ್ಕೆ ಒಪ್ಪವಿಡುವ ಬಗೆ

ಶಿರಸಿಯಿಂದ ಸುಮಾರು 17 ಕಿಲೋಮೀಟರು ದೂರದಲ್ಲಿ, ಸೋಂದೆಯ ನೆರೆಯಲ್ಲಿ, ಶಾಲ್ಮಲೆಯ ಪಾತ್ರದೊಳಗಣ ಬಂಡೆಗಳ ಮೇಲೆ ಲಿಂಗಗಳನ್ನೂ ನಂದಿಗಳನ್ನೂ ಕಡೆದಿರಿಸಿದ ಸಹಸ್ರಲಿಂಗವನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. 1678ರಿಂದ 1718ರವರೆಗೆ ಸೋಂದೆಯನ್ನಾಳಿದ ಸದಾಶಿವರಾಯನ ಕಾಲದ ಕೆಲಸವದೆಂದು ಹೇಳುತ್ತಾರೆ. ಬಿಡುವಿನ ವೇಳೆಯಲ್ಲಿ ತಾವೇ ಒಂದು ವಿಡಿಯೊ ಆಟವನ್ನು ಕಟ್ಟಬೇಕೆಂಬ ಹಂಬಲವುಳ್ಳ ಇಲ್ಲಿಯ ತರುಣರು ವಸ್ತುವನ್ನರಸಿ ದೂರ ಹೋಗಬೇಕಾದುದಿಲ್ಲ: ಬಾಲಕನೊಬ್ಬನು ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತ ಈ ಹೊಳೆಯನ್ನು ದಾಟತಕ್ಕದ್ದು, ಬರಿಗಲ್ಲಿನ ಮೇಲೆ ಕಾಲಿಡಬಹುದೇ ವಿನಾ ಲಿಂಗವನ್ನು ಮೆಟ್ಟಕೂಡದು. ಈ ನಿಯಮವನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳದು.

ಹಾಗೆ ಕಟ್ಟಿದ ಆಟವು ನಡೆಯುತ್ತದೆ, ಆದರೆ ಕೈಗೆ ಹಿತವಾಗುವುದಿಲ್ಲ. ಆಗ ಹವ್ಯಾಸಿಯು ಚಿತ್ರಗಳನ್ನು ಇನ್ನಷ್ಟು ಅಲಂಕರಿಸಲು ತೊಡಗುತ್ತಾನೆ. ನನ್ನ ಮಟ್ಟಿಗೆ ಇದು ದಾರಿ ತಪ್ಪಿದ ದುಡಿಮೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ವೇಷದ ಹೆಜ್ಜೆ ನೆಲಕ್ಕೆ ತಾಗುವ ಕ್ಷಣಕ್ಕೇ ಚಂಡೆಯ ಪೆಟ್ಟು ಬೀಳದೆ ಅರೆಗಳಿಗೆ ತಡವಾದರೆ, ಕಿರೀಟವೆಷ್ಟು ಬೆಳಗಿದರೂ ಸಭೆ ಮುಖ ಸಿಂಡರಿಸುವುದಿಲ್ಲವೇ? ಬೆರಳಿಗೆ ಆಟವು ಕೊಡುವ ಮರುದನಿಯಲ್ಲಿಯೇ ಒಪ್ಪವಿರುವುದು.

ಆದುದರಿಂದ ಮೊದಲು ನೆಗೆತವನ್ನು ತಿದ್ದಿರಿ. ಪರದೆಯು ಸೆಕೆಂಡಿಗೆ 60 ಫ್ರೇಮುಗಳಂತೆ ಓಡುತ್ತಿದ್ದರೆ, ಬೆರಳೊತ್ತಿದ ಮರುಫ್ರೇಮಿನಲ್ಲಿಯೇ ಬಾಲಕನ ಪಾದವು ಕಲ್ಲನ್ನು ಬಿಟ್ಟಿರಬೇಕು. ಮೊಣಕಾಲು ಬಗ್ಗಿಸಿ ಸಿದ್ಧನಾಗುವ ಚೆಲುವಾದ ಚಿತ್ರಮಾಲೆಯನ್ನು ನಡುವೆ ತುರುಕಿದರೆ ಆಡುವವನಿಗೆ ಅದು ಸೋಮಾರಿತನವಾಗಿಯೇ ತೋರುತ್ತದೆ. ಬಳಿಕ ಒಂದಿಷ್ಟು ಕರುಣೆಯನ್ನು ಬೆರೆಸಿರಿ. ಕಲ್ಲಿನ ಅಂಚನ್ನು ದಾಟಿದ ಮೇಲೆಯೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ನೆಗೆಯಲು ಅವಕಾಶವಿರಲಿ. ಅಂತೆಯೇ ನೆಲ ಮುಟ್ಟುವುದಕ್ಕೆ ತುಸು ಮೊದಲೇ ಗುಂಡಿಯೊತ್ತಿದವನ ಅಪೇಕ್ಷೆಯನ್ನು ನೆನಪಿನಲ್ಲಿರಿಸಿಕೊಂಡು, ಮುಟ್ಟಿದೊಡನೆ ನೆರವೇರಿಸಿರಿ. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ ಆಟವು ಬಹು ಕಠಿಣವಾಗಿದ್ದೂ ಅನ್ಯಾಯವೆನಿಸದಿರುವುದಕ್ಕೆ ಇಂಥ ಗುಪ್ತ ಔದಾರ್ಯಗಳೂ ಕಾರಣ. ಆಡುವವನು ಇದನ್ನರಿಯುವುದೇ ಇಲ್ಲ. ತನ್ನ ಕೈಚಳಕವೆಂದೇ ಬಗೆದು ಹಿಗ್ಗುತ್ತಾನೆ, ಹಿಗ್ಗಲಿ.

ಅನಂತರ ಇಳಿಯುವ ಹೆಜ್ಜೆ. ಕಲ್ಲಿಗೆ ಕಾಲು ತಾಗಿದಾಗ ದೇಹವು ಕಣ್ಣಿಗೆ ಕಾಣುವಷ್ಟು ಕುಗ್ಗಿ ಮರಳಿ ನೆಟ್ಟಗಾಗಲಿ, ನಾಲ್ಕು ಹನಿ ನೀರು ಚಿಮ್ಮಲಿ, ಸದ್ದು ಕೇಳಲಿ. ಆ ಸದ್ದು ಪ್ರತಿ ಸಲವೂ ಒಂದೇ ಆಗಿದ್ದರೆ ಯಂತ್ರದ ಟಕಟಕವಾಗುವುದರಿಂದ, ಅದರ ಶ್ರುತಿಯನ್ನು ಸಲಸಲಕ್ಕೂ ಎಳ್ಳಷ್ಟು ಏರಿಳಿಸತಕ್ಕದ್ದು. ಮಾರ್ಟಿನ್ ಯೋನಾಸನ್ ಮತ್ತು ಪೆಟ್ರಿ ಪುರ್ಹೊ ಎಂಬಿಬ್ಬರು 2012ರ ಉಪನ್ಯಾಸವೊಂದರಲ್ಲಿ, ಇಟ್ಟಿಗೆಯೊಡೆಯುವ ಹಳೆಯ ಆಟವನ್ನೇ ಮುಂದಿಟ್ಟುಕೊಂಡು, ನಿಯಮಗಳನ್ನು ಬದಲಿಸದೆ ಚಲನೆ, ಸದ್ದು, ಬಣ್ಣಗಳನ್ನು ಒಂದೊಂದಾಗಿ ಸೇರಿಸುತ್ತ ಅದು ಜೀವ ತಳೆಯುವುದನ್ನು ಕಣ್ಣೆದುರೇ ತೋರಿಸಿದರು. ಆದರೆ ಪರದೆಯನ್ನು ನಡುಗಿಸುವ ತಂತ್ರವನ್ನು ಮಾತ್ರ ಹಿಡಿತದಲ್ಲಿ ಬಳಸಿರಿ. ಕೆಲವರಿಗೆ ಅದರಿಂದ ತಲೆ ಸುತ್ತುತ್ತದೆ, ಅದನ್ನು ನಿಲ್ಲಿಸುವ ಗುಂಡಿಯನ್ನೂ ಒದಗಿಸಿರಿ.

ಕನ್ನಡದಲ್ಲಿ ಆಟ ಮಾಡುವವರು ಎಡವುವ ಕಲ್ಲು ಇನ್ನೊಂದಿದೆ, ಅದು ಲಿಪಿ. ಒತ್ತಕ್ಷರಗಳನ್ನು ಕೂಡಿಸಲರಿಯದ ಸಾಧನದಲ್ಲಿ ‘ಸ್ವರ್ಣವಲ್ಲಿ’ ಎಂದು ಬರೆದರೆ ಒತ್ತುಗಳು ಕಳಚಿ, ಅರ್ಕಾವೊತ್ತು ಸ್ಥಾನಭ್ರಷ್ಟವಾಗಿ, ಊರಿನವನೇ ಓದಲಾರದ ವಿಕಾರವೊಂದು ಮೂಡುತ್ತದೆ. ಇಷ್ಟೊಂದು ಶ್ರಮಪಟ್ಟ ಆಟದ ಮೊದಲ ಪುಟವೇ ಹೀಗಿದ್ದರೆ ಉಳಿದುದನ್ನು ಯಾರು ನಂಬುತ್ತಾರೆ? ಆಟ ಕಟ್ಟಲು ಉಚಿತವಾಗಿ ದೊರೆಯುವ ‘ಗೊಡೋ’ ಇಂಜಿನಿನ 3ನೆಯ ಆವೃತ್ತಿಯಲ್ಲಿ ಈ ತೊಡಕಿತ್ತು. 2023ರ ಮಾರ್ಚಿನಲ್ಲಿ ಬಂದ 4ನೆಯ ಆವೃತ್ತಿಯು ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ‘ನೋಟೊ ಸಾನ್ಸ್ ಕನ್ನಡ’ದಂಥ ಮುಕ್ತ ಪರವಾನಗಿಯ ಅಕ್ಷರರೂಪವನ್ನು ಆಟದೊಳಗೇ ಸೇರಿಸಿರಿ, ಆಡುವವನ ಮೊಬೈಲಿನಲ್ಲಿ ಇರುವುದನ್ನು ನೆಚ್ಚಬೇಡಿರಿ. ಒತ್ತಿಗೆ ಕೆಳಗೆ ಎಡೆ ಬೇಕು; ಇಂಗ್ಲಿಷಿಗೆ ಅಳೆದ ಗುಂಡಿಯಲ್ಲಿ ಕನ್ನಡದ ಪದವು ಬುಡ ಕತ್ತರಿಸಿಕೊಳ್ಳುತ್ತದೆ.

ಚಿಲ್ಲರೆಯವೂ ಇವೆ: ನಡುವೆ ಫೋನು ಬಂದರೆ ಆಟ ತಾನಾಗಿ ನಿಲ್ಲಬೇಕು, ಸಂಗೀತವನ್ನು ತಗ್ಗಿಸಲು ಬರಬೇಕು, ಗೆದ್ದಷ್ಟು ಉಳಿದಿರಬೇಕು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುವುದೆಂದು ಬಲ್ಲವರಿಗೆ ಕಡೆಯದನ್ನು ಒತ್ತಿ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ ಆಟವನ್ನು ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತವರ ಕೈಗಿತ್ತು ನೀವು ತುಟಿ ಬಿಚ್ಚದೆ ನೋಡುತ್ತಿರಿ. ಅವರು ಎಲ್ಲಿ ತಡವರಿಸಿದರು, ಯಾವ ಗುಂಡಿಯನ್ನು ಎರಡೆರಡು ಸಲ ಒತ್ತಿದರು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿರಿ. ವಿವರಿಸಲು ಬಾಯಿ ತೆರೆದಿರೋ, ಪರೀಕ್ಷೆ ಕೆಟ್ಟಿತು. ಐದು ಜನರಲ್ಲಿ ಮೂವರು ಒಂದೇ ಕಲ್ಲಿನಲ್ಲಿ ಬಿದ್ದರೆ ತಪ್ಪು ಕಲ್ಲಿನದು.

ಸದ್ದನ್ನು ಎಲ್ಲಿಂದಲೋ ಎರವಲು ತರುವುದಕ್ಕಿಂತ ಸಹಸ್ರಲಿಂಗದಲ್ಲಿಯೇ ಮೊಬೈಲಿಗೆ ಹಿಡಿದುಕೊಳ್ಳುವುದು ಲೇಸು. ಮಳೆಗಾಲದ ಪ್ರವಾಹದಲ್ಲಿ ಅತ್ತ ಸುಳಿಯಬೇಡಿರಿ. ಮಹಾಶಿವರಾತ್ರಿಯಂದು ಜನಸಂದಣಿಯಿಂದಾಗಿ ನೀರಿನ ದನಿಯೇ ಕೇಳಿಸದು. ಅದಕ್ಕೆ ಹಿಂದುಮುಂದಿನ ಯಾವುದಾದರೊಂದು ದಿನ, ನೀರು ತಗ್ಗಿರುವಾಗ, ಬೆಳಗು ಹರಿಯುತ್ತಲೇ ಹೋಗಿರಿ.